ಜೊಂಡಿನ ಮರೆಯಲ್ಲಿ

ಬಾತಿನ ಶಿಕಾರಿ ಎಂದರೆ ಮುಕ್ಕಾಲು ಪಾಲು ಸುಮ್ಮನೆ ಕೂರುವುದು. ಅದರ ರುಚಿ ಹತ್ತಿದವರಿಗೆ ಈಡು ಹಾರಿಸುವ ಉಳಿದ ಕಾಲು ಪಾಲು ನೆಪ ಮಾತ್ರ.

ನಮ್ಮ ತಾತನ ಜಮೀನು ಬೇತಮಂಗಲ ಕೆರೆಯ ಹಿನ್ನೀರಿಗೆ ಅಂಟಿಕೊಂಡಿತ್ತು. ಪಾಲಾರ್ ನದಿಗೆ ಅಡ್ಡ ಕಟ್ಟಿದ ಹಳೆಯ ಕೆರೆ ಅದು. ಕೆಜಿಎಫ್‌ನ ಗಣಿ ಲೈನುಗಳು ಕುಡಿದದ್ದು ಅದರ ನೀರನ್ನೇ. ಭತ್ತ ಕೊಯ್ದ ಗದ್ದೆಯಲ್ಲಿ ಉದುರಿದ ಕಾಳಿಗೆ ಬಾತುಗಳು ರಾತ್ರಿ ಇಳಿದು, ಬೆಳಕು ಹರಿಯುವ ಹೊತ್ತಿಗೆ ನೀರಿಗೆ ಮರಳುತ್ತಿದ್ದವು. ಆ ದಾರಿಯಲ್ಲಿ, ಜೊಂಡಿನ ಮರೆಯಲ್ಲಿ, ನಾವಿಬ್ಬರು.

ತಾತನದು ಹನ್ನೆರಡು ಬೋರಿನ ಜೋಡುನಳಿಗೆ ಕೋವಿ. ಬಾತಿಗೆ ನಾಲ್ಕನೇ ನಂಬರಿನ ಚರೆ. “ಹಕ್ಕಿಗೆ ಗುರಿ ಇಡಬೇಡ ಕಣೋ, ಅದು ಹೋಗೋ ಜಾಗಕ್ಕೆ ಇಡು” ಎನ್ನುತ್ತಿದ್ದರು. ನಲವತ್ತು ಗಜದಾಚೆ ಅಡ್ಡ ಹಾರುವ ಬಾತಿಗೆ ಕೊಕ್ಕಿನಿಂದ ಸುಮಾರು ಒಂದು ಮಾರು ಮುಂದೆ. ಕುದುರೆ ಒತ್ತಿದ ಮೇಲೂ ನಳಿಗೆ ಹಕ್ಕಿಯ ಜೊತೆ ಸಾಗುತ್ತಲೇ ಇರಬೇಕು. ನಿಂತರೆ ಚರೆ ಬಾಲದ ಹಿಂದೆ ಹೋಗುತ್ತದೆ.

ಕತ್ತಲಲ್ಲಿ ಗುರುತು ಹಿಡಿಯುವುದು ಕಿವಿಯಿಂದ. ಸಿಳ್ಳೆಬಾತು ದೂರದಿಂದಲೇ ಹೆಸರು ಹೇಳಿಕೊಂಡು ಬರುತ್ತದೆ; ಅದರ ಮಾಂಸ ರುಚಿಯಿಲ್ಲವೆಂದು ತಾತ ಬಿಟ್ಟುಬಿಡುತ್ತಿದ್ದರು. ಸೂಜಿಬಾಲದ ಬಾತು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಗಣಿಯಾಳದಲ್ಲಿ ಬಂಡೆ ಸಿಡಿದು ನೆಲ ಅದುರಿದಾಗಲಂತೂ ಕೆರೆಯ ಹಕ್ಕಿಯೆಲ್ಲ ಒಮ್ಮೆಗೇ ಎದ್ದುಬಿಡುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿನ ಸಿಡಿತಕ್ಕೆ ಇಲ್ಲಿ ನಮ್ಮ ಬೆಳಗಿನ ಶಿಕಾರಿ ಹಾಳು.

ಹೆಬ್ಬಾತು ಅಪರೂಪ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹಕ್ಕಿ. ಒಮ್ಮೆ ಸಾಲುಗಟ್ಟಿ ನೆತ್ತಿಯ ಮೇಲೇ ಹೋದವು. ತಾತ ಕೋವಿ ಎತ್ತಲಿಲ್ಲ. “ತುಂಬ ಎತ್ತರ, ಸಿಗಲ್ಲ” ಎಂದರು. ನನಗೇನೋ ಸಿಗುವ ಎತ್ತರವೇ ಅನ್ನಿಸಿತ್ತು.

ಚುನಾವಣೆ ಬಂದರೆ ಕೋವಿ ಠಾಣೆಗೆ ಹೋಗುತ್ತಿತ್ತು. ಬಾತುಗಳಿಗೆ ಅಷ್ಟು ದಿನ ರಜೆ. ಉಳಿದಂತೆ ಅಜ್ಜಿಯ ಸಾರು, ರಾಗಿಮುದ್ದೆ, ನಡುನಡುವೆ ಹಲ್ಲಿಗೆ ಟಣ್ಣೆನ್ನುವ ಚರೆ. ಉಗುಳಿ, ತಟ್ಟೆಯಂಚಿಗಿಟ್ಟು ಮುಂದುವರಿಯುವುದು.

1972ರ ವನ್ಯಜೀವಿ ಕಾಯ್ದೆ ಪರವಾನಗಿಯ ಬೇಟೆಗೆ ಒಂದಿಷ್ಟು ಜಾಗ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಮುಚ್ಚಿದ್ದು ಸರಿ. ನಮ್ಮ ಕೆರೆಗಳು ಒಣಗುತ್ತ ಬಂದಾಗ ಹಕ್ಕಿಗೆ ಉಳಿದಿದ್ದ ನೀರೇ ಕಡಿಮೆ, ಅದರಲ್ಲಿ ಕೋವಿಗೆಲ್ಲಿ ಪಾಲು? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನ ಗುಣದ ಬಗ್ಗೆ ಜಗಳ ಇದ್ದೇ ಇದೆ.

ಕೂರುವ ಸುಖಕ್ಕೆ ಮಾತ್ರ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಜನವರಿಯಲ್ಲಿ ಬಂಗಾರಪೇಟೆ ಕಡೆ ಬಂದರೆ ಸೂರ್ಯ ಹುಟ್ಟುವ ಮುಂಚೆಯೇ ಯಾವುದಾದರೂ ಕೆರೆಯಂಚಿನಲ್ಲಿ ಕೂತಿರಿ. ಬೈನಾಕ್ಯುಲರ್ ಇರಲಿ, ಬಿಳಿ ಅಂಗಿ ಬೇಡ.