ಪೋಳೆಂ ಗಡಿಯಾಚೆ ನಾಲ್ಕು ವಾರ

ಕಾರವಾರದ ಹಿರಿಯರನ್ನು ಮಾತಿಗೆಳೆದರೆ, ಅವರ ಬಾಲ್ಯದಲ್ಲಿ ಕಾಣಕೋಣ ಪರದೇಶವಾಗಿತ್ತು ಎನ್ನುತ್ತಾರೆ. ಮಾಜಾಳಿ ಮುಗಿದರೆ ಪೋಳೆಂ, ಅಲ್ಲಿಂದಾಚೆ ಪೋರ್ಚುಗೀಸರ ಬಾವುಟ. 1961ರ ಡಿಸೆಂಬರಿನಲ್ಲಿ ಆ ಬಾವುಟ ಇಳಿಯಿತು. ಅದಕ್ಕೂ ಹಿಂದೆ, ಹದಿನೆಂಟನೆಯ ಶತಮಾನದಲ್ಲಿ ಪೋರ್ಚುಗೀಸರ ಕೈಸೇರುವ ತನಕ, ಇದು ನಮ್ಮ ಶಿರಸಿ ಸಮೀಪದ ಸೋಂದಾ ಅರಸರ ಸೀಮೆ.

2024ರ ಮೇ ತಿಂಗಳಲ್ಲಿ ನಾವು ಈ ದಾರಿ ಹಿಡಿದದ್ದು ನಮ್ಮ ಧರ್ಮಕೇಂದ್ರದ ಮೂವರು ಕಾನೂನು ವಿದ್ಯಾರ್ಥಿಗಳೊಂದಿಗೆ. ಅವರಲ್ಲಿ ಒಬ್ಬಳಿಗೆ ಬೇಸಿಗೆ ರಜೆಯನ್ನು ಜಿನೀವಾದಲ್ಲೋ ಹೇಗ್ ನಗರದಲ್ಲೋ ಸೇವೆಯಲ್ಲಿ ಕಳೆಯುವ ಆಸೆಯಿತ್ತು. ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಇದು ರೂಢಿ. ಬೇಸಿಗೆ ಬಂತೆಂದರೆ ಮಕ್ಕಳು ಮಾನವ ಹಕ್ಕುಗಳ ಸಂಸ್ಥೆಗಳಿಗೆ, ಬಡವರ ವಕೀಲರ ಕಚೇರಿಗಳಿಗೆ ಸಂಬಳವಿಲ್ಲದೆ ದುಡಿಯಲು ಹೋಗುತ್ತಾರೆ, ಕೆಲವರು ಹೊರದೇಶಗಳಿಗೂ ಹೋಗುತ್ತಾರೆ. ಎಷ್ಟೋ ಕಾಲೇಜುಗಳು ಅದಕ್ಕೆಂದೇ ಹಣ ಕೊಡುತ್ತವೆ. ನಮ್ಮ ಹುಡುಗಿಯ ತಂದೆ ಆಟೋ ಓಡಿಸುವವರು. ವಿಮಾನದ ಟಿಕೆಟ್ಟಿನ ಲೆಕ್ಕ ಹಾಕಿ ಅವಳು ಸುಮ್ಮನಾಗಿದ್ದಳು. "ಪರದೇಶದ ಕಾನೂನೇ ಬೇಕಿದ್ದರೆ ಕಾಳಿ ನದಿ ದಾಟಿದರೆ ಸಾಕಮ್ಮಾ" ಎಂದೆವು. ತಮಾಷೆ ಎಂದುಕೊಂಡು ನಕ್ಕಳು.

ತಮಾಷೆಯಲ್ಲ. ಗೋವೆಯ ಸಂಸಾರಗಳನ್ನು ಇಂದಿಗೂ ಆಳುವುದು 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ವಂಶದ ಕಾನೂನು. ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಮದುವೆಯಾದ ಕ್ಷಣದಿಂದ ಗಂಡ ಹೆಂಡಿರ ಆಸ್ತಿ ಇಬ್ಬರದೂ. ಮಕ್ಕಳಿರುವಾಗ ತಂದೆಯಾದವನು ಉಯಿಲು ಬರೆದು ಅವರನ್ನು ಬರಿಗೈ ಮಾಡುವಂತಿಲ್ಲ, ಅರ್ಧ ಪಾಲು ಅವರಿಗೆ ಮೀಸಲು. ಮದುವೆಗೆ ಮೊದಲು ಸರ್ಕಾರಿ ನೋಂದಣಿ ಕಚೇರಿಯಲ್ಲಿ ಸಹಿಯಾಗಬೇಕು. ಆ ಕಾಗದ ನೋಡದೆ ಅಲ್ಲಿನ ಗುರುಗಳು ವಿವಾಹ ಸಂಸ್ಕಾರ ನೆರವೇರಿಸುವುದಿಲ್ಲ. ನಮ್ಮಲ್ಲೂ ಹೀಗೆ ಇದ್ದಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತೋ ಎಂದು ನಮಗೆ ಅನೇಕ ಬಾರಿ ಅನಿಸಿದೆ.

ತಾಲೂಕು ಕೇಂದ್ರ ಚಾವಡಿಯಲ್ಲಿ ನಮಗೆ ಪರಿಚಿತರಾದ ವಕೀಲರೊಬ್ಬರು ಮಕ್ಕಳನ್ನು ನಾಲ್ಕು ವಾರ ಇಟ್ಟುಕೊಳ್ಳಲು ಒಪ್ಪಿದ್ದರು. ನಾಲ್ಕೇ ವಾರ ಏಕೆಂದರೆ ವಕೀಲರ ಪರಿಷತ್ತಿನ 2008ರ ನಿಯಮ ಹಾಗಿದೆ. ಐದು ವರ್ಷದ ಕೋರ್ಸಿನವರು ಒಟ್ಟು ಇಪ್ಪತ್ತು ವಾರ ಇಂತಹ ತರಬೇತಿ ಪಡೆಯಬೇಕು, ಆದರೆ ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ.

ಮೊದಲ ವಾರ ಖೋತಿಗಾಂವ್ ಕಾಡಿನ ಅಂಚಿನಲ್ಲಿ ಕಳೆಯಿತು. ಅಭಯಾರಣ್ಯವೆಂದು ಘೋಷಣೆಯಾದದ್ದು 1968ರಲ್ಲಿ. ವೇಳಿಪ ಜನ ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ಅಲ್ಲಿ ಕುಮೇರಿ ಬೇಸಾಯ ಮಾಡಿಕೊಂಡು ಬಂದವರು. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಭೂಮಿ ಕೇಳಲು ಹಳೆಯ ದಾಖಲೆ ಇಲ್ಲವೆಂದರೆ ಊರಿನ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿ ಪುರಾವೆಯಾಗಿ ಕೊಡಬಹುದು. ಬಾವಿ, ಮನೆಯ ಪಂಚಾಂಗ, ಹೂಳಿದ ಜಾಗ ಇವೂ ಲೆಕ್ಕಕ್ಕೆ ಬರುತ್ತವೆ. ಕೊಂಕಣಿ ಬಲ್ಲ ನಮ್ಮ ಹುಡುಗಿ ಒಬ್ಬ ಅಜ್ಜನ ಮುಂದೆ ಎರಡು ದಿನ ಕುಳಿತು ಬರೆದಳು. ಅಜ್ಜ ವರ್ಷಗಳನ್ನು ಹೇಳಲಿಲ್ಲ. ಒಂದು ಹಲಸಿನ ಮರ ತೋರಿಸಿ, "ಅಪ್ಪ ಇದನ್ನು ನೆಟ್ಟಾಗ ನಾನು ಇಷ್ಟಿದ್ದೆ" ಎಂದು ಮೊಣಕಾಲಿನ ಹತ್ತಿರ ಕೈ ಹಿಡಿದ. ಅದನ್ನು ಹಾಗೆಯೇ ಬರೆಯುವುದೋ, ಇಸವಿಯಾಗಿ ಬದಲಿಸುವುದೋ ಎಂದು ಅವಳು ಕೇಳಿದಳು. ಹಾಗೆಯೇ ಬರೆ ಎಂದರು ವಕೀಲರು.

ಎರಡನೆಯ ವಾರ ನಾವು ಮತ್ತೆ ಹೋದಾಗ ಪಾಲೊಳೆಂ ಕಡಲತೀರದಲ್ಲಿ ಮಳೆಗಾಲಕ್ಕೆ ಮುಂಚೆ ಗುಡಿಸಲುಗಳನ್ನು ಬಿಚ್ಚುವ ಕೆಲಸ ನಡೆದಿತ್ತು. ಬಿಚ್ಚುತ್ತಿದ್ದವರ ಬಾಯಲ್ಲಿ ಅಚ್ಚ ಉತ್ತರ ಕರ್ನಾಟಕದ ಕನ್ನಡ! ಚಾವಡಿಯ ಕಟ್ಟಡಗಳಲ್ಲಿ ಮಣ್ಣು ಹೊರುವವರೂ ಹೆಚ್ಚಾಗಿ ಹೊರಗಿನವರೇ. 2014ರ ಜನವರಿ 4ರಂದು ಇದೇ ಊರಿನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಮೂವತ್ತರಷ್ಟು ಕಾರ್ಮಿಕರು ಸತ್ತರು. ದುಡಿಯಲು ದೂರದಿಂದ ಬಂದವರೇ ಹೆಚ್ಚು.

ಅಲ್ಲಿ ಕೊಪ್ಪಳ ಸೀಮೆಯ ಗಾರೆ ಕೆಲಸದವನೊಬ್ಬ ಬಲಗೈಯನ್ನು ಲುಂಗಿಯ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ. ಸಾರುವೆಯಿಂದ ಬಿದ್ದು ಇಪ್ಪತ್ತು ತಿಂಗಳಾಗಿತ್ತು. ಕೈ ಮಡಚಲು ಬರುತ್ತಿರಲಿಲ್ಲ. ಕೆಲಸ ಕೊಟ್ಟವನು ಆಸ್ಪತ್ರೆಯ ಬಿಲ್ಲು ಕಟ್ಟಿ, ಕೈಗೆ ಹದಿನೈದು ಸಾವಿರ ಇಟ್ಟು ಕಳಿಸಿದ್ದನಂತೆ. ಈಗ ಹೆಂಡತಿಯ ಕೂಲಿಯ ಮೇಲೆ ಮನೆ. "ಈ ಹುಡುಗ್ರಿಗೆ ಹೇಳಿದ್ರ ಏನರ ಆಗತೈತೇನ್ರಿ, ಫಾದರ್?" ಎಂದ. ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಹುಡುಕಿದವಳು ಅದೇ ಹುಡುಗಿ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅಂದರೆ ಉಳಿದದ್ದು ನಾಲ್ಕು ತಿಂಗಳು. ಗಳಿಸುವ ಶಕ್ತಿ ಶೇಕಡಾ ಎಷ್ಟು ಕುಂದಿದೆ ಎಂದು ವೈದ್ಯರ ಪ್ರಮಾಣಪತ್ರ ಬೇಕು. ಇವಳ ತರಬೇತಿಗೆ ಉಳಿದದ್ದು ಎರಡು ವಾರ. ಅವನೋ ಮಳೆಗಾಲಕ್ಕೆ ಊರಿಗೆ ಹೊರಟವನು. ಇಂತಹ ಸೇವೆಯ ಮೇಲೆ ನಮಗೆ ಮೊದಲಿನಿಂದ ಇದ್ದ ಅನುಮಾನವೂ ಇದೇ. ಜಿನೀವಾ ಆಗಲಿ ಕಾಣಕೋಣ ಆಗಲಿ, ಮಕ್ಕಳು ಪ್ರಮಾಣಪತ್ರ ಹಿಡಿದು ಮನೆಗೆ ಮರಳುತ್ತಾರೆ, ಕಡತ ಯಾರ ಮೇಜಿನ ಮೇಲೆ ಉಳಿಯುತ್ತದೆ? ಇದನ್ನು ಅವಳ ಮುಂದೆಯೇ ಆಡಿದೆವು, ಸ್ವಲ್ಪ ಒರಟಾಗಿಯೇ.

ಅವಳು ಎದುರು ಮಾತಾಡಲಿಲ್ಲ. ಮರುದಿನ ಫೋನ್ ಬಂತು. ಅರ್ಜಿಯನ್ನು ಅಪಘಾತವಾದ ಕಡೆಯೇ ಹಾಕಬೇಕೆಂದಿಲ್ಲ, ಕೆಲಸಗಾರ ವಾಸವಿರುವ ಕಡೆಯೂ ಹಾಕಬಹುದು ಎಂಬ ಕಲಮು ಅದೇ ಕಾಯ್ದೆಯಲ್ಲಿ ಇದೆಯಂತೆ. "ಕೊಪ್ಪಳದಲ್ಲೇ ಹಾಕಬಹುದು ಫಾದರ್. ಅಪಘಾತದಲ್ಲಿ ನೊಂದ ಕೆಲಸಗಾರನಿಗೆ ಕಾನೂನು ಸೇವಾ ಪ್ರಾಧಿಕಾರದವರು ವಕೀಲರನ್ನು ಪುಕ್ಕಟೆ ಕೊಡಬಹುದು" ಎಂದಳು.

ಆಸ್ಪತ್ರೆಯ ಕಾಗದಗಳು ಮಾತ್ರ ಚಾವಡಿಯಲ್ಲಿಯೇ ಉಳಿದಿದ್ದವು. ಅವನ್ನು ತರಲು ಅವಳು ದಿನ ಗೊತ್ತುಮಾಡಿದ ವಾರವೇ, ಆಗಸ್ಟ್ 7ರ ರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ. ರಸ್ತೆಯನ್ನು ನೆಚ್ಚದೆ ಅವಳು ಕಾರವಾರದಿಂದ ರೈಲು ಹತ್ತಿ ಕಾಣಕೋಣದಲ್ಲಿ ಇಳಿದಳು, ಸಂಜೆಯ ಗಾಡಿಗೆ ಕಾಗದಗಳೊಂದಿಗೆ ಮರಳಿದಳು. ತಂದೆ ಆಟೋ ತಂದು ನಿಲ್ದಾಣದಲ್ಲಿ ಕಾದಿದ್ದರು. ತಿಂಗಳ ಕೊನೆಯಲ್ಲಿ ಕೊಪ್ಪಳದಲ್ಲಿ ಅರ್ಜಿ ಸಲ್ಲಿಕೆಯಾಯಿತು. ಮೊಹರು ಬಿದ್ದ ಪ್ರತಿಯ ಚಿತ್ರವನ್ನು ಅವನೇ ಮಗನ ಫೋನಿನಿಂದ ನಮಗೆ ಕಳಿಸಿದ.

ಮರುವರ್ಷ ಹುಡುಗಿ ಹೊರದೇಶದ ಅರ್ಜಿಯೊಂದಕ್ಕೆ ಶಿಫಾರಸು ಪತ್ರ ಕೇಳಿಕೊಂಡು ಬಂದಳು. ಬರೆದುಕೊಟ್ಟೆವು. ಕೊಪ್ಪಳದ ವಿಚಾರಣೆ ಮತ್ತೊಮ್ಮೆ ಮುಂದಕ್ಕೆ ಹೋಗಿದೆ ಎಂದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು.