ಮೇಲಿನ ಅಪ್ಪಣೆ, ಪಕ್ಕದ ಮಾತು

ಫಿಜಿಯಾಲಜಿ ವೈವಾದಲ್ಲಿ ಪರೀಕ್ಷಕರು ನನ್ನನ್ನು ಕೇಳಿದ್ದರು: "ಅಡ್ರಿನಲ್ ಕಾರ್ಟೆಕ್ಸ್‌ಗೆ ಅಪ್ಪಣೆ ಕೊಡುವವರು ಯಾರು?" ಗಿಳಿಪಾಠ ಒಪ್ಪಿಸಿದೆ: ಮಿದುಳಿನ ಬುಡದ ಪಿಟ್ಯುಟರಿ ಎ.ಸಿ.ಟಿ.ಎಚ್. ಕಳಿಸುತ್ತದೆ, ಕಾರ್ಟೆಕ್ಸ್ ಕಾರ್ಟಿಸಾಲ್ ಸುರಿಸುತ್ತದೆ. "ಅಷ್ಟೇನಾ?" ಎಂದರು. "ಅಷ್ಟೇ" ಎಂದೆ. ನಕ್ಕು ಮುಂದಿನವನನ್ನು ಕರೆದರು.

ಆ ನಗೆ ಚುಚ್ಚಿತು. ಲೈಬ್ರರಿಗೆ ಹೋಗಿ ಕೂತೆ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತ, ನಾಲ್ಕೈದು ಗ್ರಾಂ ತೂಗುವ ಗ್ರಂಥಿ ಇದು. ಹೊರಗೆ ಕಾರ್ಟೆಕ್ಸ್, ಒಳಗೆ ಮೆಡುಲ್ಲಾ ಎಂದು ನಾವು ಗೆರೆ ಎಳೆದು ಚಿತ್ರ ಬರೆಯುತ್ತೇವೆ. ಮನುಷ್ಯನ ಗ್ರಂಥಿಯಲ್ಲಿ ಗೆರೆ ಅಷ್ಟು ನೇರವಾಗಿಲ್ಲ. ಅಡ್ರಿನಲಿನ್ ತಯಾರಿಸುವ ಕೋಶಗಳು ಕಾರ್ಟೆಕ್ಸಿನೊಳಗೂ ನುಗ್ಗಿ ಕೂತು ನೆರೆಕೋಶಗಳನ್ನು ಕೆಣಕುತ್ತವೆ. ಹೊರಪೊರೆಯ ಕೆಳಗಿನ ಮಾಸ್ಟ್ ಕೋಶಗಳು ಸಿರೊಟೊನಿನ್ ಬಿಟ್ಟು, ಮೈಯ ಉಪ್ಪು ಕಾಯುವ ಆಲ್ಡೊಸ್ಟಿರಾನನ್ನು ಹೆಚ್ಚಿಸುತ್ತವೆ. ನರದ ಎಳೆಗಳೂ ಅಲ್ಲಿ ಇಳಿದಿವೆ. ಕರುಗಳ ಮೇಲೆ ಪ್ರಯೋಗ ಮಾಡಿದಾಗ, ಸ್ಪ್ಲಾಂಕ್ನಿಕ್ ನರವನ್ನು ಪ್ರಚೋದಿಸಿದರೆ ಅಷ್ಟೇ ಎ.ಸಿ.ಟಿ.ಎಚ್.ಗೆ ಹೆಚ್ಚು ಕಾರ್ಟಿಸಾಲ್ ಬಂತು. ಅಂದರೆ ಅಪ್ಪಣೆ ಮೇಲಿನದೇ. ಅದು ಎಷ್ಟು ಕಿವಿಗೆ ಬೀಳಬೇಕು ಅನ್ನೋದು ಅಕ್ಕಪಕ್ಕದವರ ಕೈಲಿ.

ಡೊಂಬಿವಲಿಯ ಚಾಳಿನಲ್ಲಿ ಬೆಳೆದ ನನಗೆ ಇದು ಬಲು ಹಿಡಿಸಿತು. ಪಕ್ಕದವರಿಲ್ಲದೆ ಬದುಕುಂಟೆ!

ಆ ಹುರುಪು ಇಳಿದದ್ದು ಮಳೆಗಾಲದಲ್ಲಿ. ದಮ್ಮಿಗೆಂದು ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ನುಂಗುತ್ತಿದ್ದ ಅವ್ವ, ಹೇಳದೆ ಕೇಳದೆ ನಿಲ್ಲಿಸಿಬಿಟ್ಟಿದ್ದಳು. ಕೆಲವೇ ದಿನಗಳಲ್ಲಿ ವಾಂತಿ, ನಿತ್ರಾಣ. ರಕ್ತದೊತ್ತಡ ಇಳಿದು ಎಚ್ಚರ ತಪ್ಪಿದಳು. ಪಕ್ಕದ ಮನೆ ಮಾವಶಿ ಮಳೆಯಲ್ಲೇ ಓಡಿ ರಿಕ್ಷಾ ತಂದಳು. ಆಸ್ಪತ್ರೆಯಲ್ಲಿ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಸಲೈನ್. ಬೆಳಗಿನ ಜಾವ ಅವ್ವ ಕಣ್ಣು ಬಿಟ್ಟಳು.

"ಗುಳಿಗಿ ಯಾಕ ಬಿಟ್ಟಿ ಅವ್ವಾ?"

"ಆರಾಮ ಆಗಿತ್ತಲ್ಲೊ. ಬಿಡಬಾರದಂತ ನೀ ಎಲ್ಲಿ ಹೇಳಿದ್ದಿ?"

ನನ್ನಲ್ಲಿ ಉತ್ತರವಿರಲಿಲ್ಲ. ಬಹಳ ದಿನ ಗುಳಿಗೆ ಹೊರಗಿನಿಂದ ಬರುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಎ.ಸಿ.ಟಿ.ಎಚ್. ಇಲ್ಲದೆ ಕಾರ್ಟೆಕ್ಸ್ ಸೊರಗುತ್ತದೆ. ಒಮ್ಮೆಲೇ ಗುಳಿಗೆ ನಿಂತರೆ, ನರ ಮತ್ತು ನೆರೆಕೋಶ ಎಷ್ಟು ಕೂಗಿದರೂ ಅದಕ್ಕೆ ಏಳುವ ತ್ರಾಣವಿರುವುದಿಲ್ಲ. ಅದಕ್ಕೇ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಒಂದೇ ಖೋಲಿ ನಮ್ಮದು; ದಿನಾ ಅವ್ವನ ಪಕ್ಕದಲ್ಲೇ ಕೂತು ಓದುತ್ತಿದ್ದೆ. ಓದಿದ್ದರಲ್ಲಿ ಒಂದು ಮಾತನ್ನೂ ಅವಳಿಗೆ ಹೇಳಿರಲಿಲ್ಲ.