ಬಾಡಿ ತುಂಬೂ ಮೊದಲ ತೂಕ ತುಂಬತೈತಿ
ನಿಪ್ಪಾಣಿ ಬಿಟ್ಟು ಚಿಕ್ಕೋಡಿ, ರಾಯಬಾಗ ಹಾದು, ಕುಡಚಿ ಹತ್ತಿರ ಕೃಷ್ಣೆ ದಾಟಿ ಅಥಣಿ, ಕಾಗವಾಡ ಕಡೆ ಹೊರಟರೆ ದಾರಿಯುದ್ದಕ್ಕೂ ಪಿಕಪ್‌ ಗಾಡಿಗಳು. ನಿಪ್ಪಾಣಿಯ ತಂಬಾಕು ಹಗುರ. ಬಾಡಿ ತುಂಬಿದರೂ ತೂಕ ಮಿತಿಯೊಳಗೇ ಇರಬಹುದು. ಬೆಲ್ಲದ ಪೆಂಟಿ, ಸಿಮೆಂಟ್ ಚೀಲ ಹಾಗಲ್ಲ. "ಇನ್ನೂ ಜಾಗಾ ಐತಲ್ರೀ, ಹೇರ್ರಿ" ಅನ್ನೋ ಮಾತು ಮೋಸ ಮಾಡೋದು ಇಲ್ಲೇ.

ಲೆಕ್ಕ ಆರ್‌ಸಿಯಲ್ಲೇ ಇದೆ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. 3,000 ಕೆ.ಜಿ.ಯಲ್ಲಿ 1,700 ಹೋದರೆ ಉಳಿಯೋದು 1,300. ಡ್ರೈವರ್, ಹಮಾಲರ ತೂಕವೂ ಇದರೊಳಗೇ. ಮೂವರಿಗೆ 200 ಹಿಡಿದರೆ ಸರಕಿಗೆ 1,100 ಮಾತ್ರ. ಮೀರಿದರೆ 2019ರ ತಿದ್ದುಪಡಿ ಕಾಯ್ದೆಯಂತೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000.

ದಂಡವನ್ನಾದರೂ ಕಟ್ಟಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಗಾಡಿ ನಿಲ್ಲದಿದ್ದರೆ? ಎರಡು ಟ್ರಿಪ್ ಹೊಡೀರಿ, ಡೀಸೆಲ್ ಖರ್ಚಷ್ಟೇ ಹೋಗ್ತದ.